ಮೇಜಿನ ಹಿಂದೆ ನಿಂತವರು ಯಾರು?

ಒಂದು ಶನಿವಾರ ಮಧ್ಯಾಹ್ನ ಫೋನ್ ಬಂತು. ಮಾತಾಡಿದವರು ವಿರಾಜಪೇಟೆ ಕಡೆಯವರು. ಡಲ್ಲಾಸ್ ಹತ್ತಿರ ಸಾಫ್ಟ್‌ವೇರ್ ಕೆಲಸ, ಎಚ್-1ಬಿ ವೀಸಾ. ಗನ್ ಶೋ, ಅಂದರೆ ಬಂದೂಕು ಮಾರುವ ಮೇಳ, ನೋಡಲು ಹೋಗಿದ್ದವರು ಹೊರಗೆ ಬಂದು ಕರೆ ಮಾಡಿದ್ದರು.

"ಮೇಡಂ, ಇಲ್ಲೊಬ್ರು ವಯಸ್ಸಾದವರು ತಮ್ಮ ಹಳೇ ರೈಫಲ್ ಮಾರ್ತಿದಾರೆ. ಫಾರ್ಮ್ ಇಲ್ಲ, ಏನೂ ಕೇಳ್ತಿಲ್ಲ. ದುಡ್ಡು ಕೊಟ್ಟು ತಗೊಂಡು ಹೋಗಿ ಅಂತಾರೆ. ಕೇಳ್ತಿಲ್ಲ ಅಂದ್ರೆ ತಗೋಬಹುದು ಅಂತ ಅಲ್ವಾ?"

ಅಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ.

ಅಮೆರಿಕದ ಕೇಂದ್ರ ಕಾನೂನು ಮಾರಾಟ ಎಲ್ಲಿ ನಡೆಯಿತು ಎಂದು ನೋಡುವುದಿಲ್ಲ. ಮಾರುವವರು ಯಾರು ಎಂದು ನೋಡುತ್ತದೆ. 1968ರ ಕಾನೂನಿನ ಪ್ರಕಾರ ಬಂದೂಕು ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವವರು ಅಂಗಡಿಯಲ್ಲಿ ಮಾರಲಿ, ಶೋನಲ್ಲಿ ಮಾರಲಿ, ನಿಯಮ ಒಂದೇ. ನೀವು 4473 ಎಂಬ ಫಾರ್ಮ್ ತುಂಬಬೇಕು, ಗುರುತಿನ ಚೀಟಿ ತೋರಿಸಬೇಕು. ಅವರು ಎಫ್‌ಬಿಐನ ನಿಕ್ಸ್ ಎಂಬ, ಕೊಳ್ಳುವವರ ಹಿನ್ನೆಲೆ ತಪಾಸಣೆ ಮಾಡುವ ವ್ಯವಸ್ಥೆಯನ್ನು ಕೇಳುತ್ತಾರೆ. 1993ರ ಬ್ರೇಡಿ ಕಾನೂನಿನಿಂದ ಬಂದ ಈ ವ್ಯವಸ್ಥೆ 1998ರ ನವೆಂಬರ್‌ನಲ್ಲಿ ಶುರುವಾಯಿತು. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ: ಕೊಡಿ, ಕೊಡಬೇಡಿ, ಅಥವಾ ಕಾಯಿರಿ. ಕಾಯಿರಿ ಎಂದು ಬಂದು ಮೂರು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ವ್ಯಾಪಾರಿ ಬಂದೂಕು ಕೊಡಬಹುದು. 2015ರಲ್ಲಿ ಚಾರ್ಲ್‌ಸ್ಟನ್ ಚರ್ಚ್‌ನಲ್ಲಿ 9 ಜನರನ್ನು ಕೊಂದವನ ಕೈಗೆ ಪಿಸ್ತೂಲು ಬಂದದ್ದು ಹೀಗೆಯೇ.

ಪಕ್ಕದ ಮೇಜಿನವರು ವ್ಯಾಪಾರಿ ಅಲ್ಲ, ತಮ್ಮ ಸ್ವಂತ ಬಂದೂಕು ಮಾರುತ್ತಿದ್ದಾರೆ ಅಂದುಕೊಳ್ಳಿ. ಆಗ ಕೇಂದ್ರ ಕಾನೂನಿನಲ್ಲಿ ಈ ತಪಾಸಣೆ ಇಲ್ಲ. ಇದನ್ನೇ ಜನ 'ಗನ್ ಶೋ ಲೂಪ್‌ಹೋಲ್' ಅನ್ನುತ್ತಾರೆ. ಆ ಹೆಸರು ದಾರಿ ತಪ್ಪಿಸುತ್ತದೆ. ಮನೆಯಂಗಳದಲ್ಲಿ ಮಾರಿದರೂ, ಆನ್‌ಲೈನ್ ಜಾಹೀರಾತು ನೋಡಿ ಪೆಟ್ರೋಲ್ ಬಂಕ್ ಹತ್ತಿರ ಕೈಬದಲಾಯಿಸಿದರೂ ಇದೇ ಕಂಡಿ ಇದೆ.

ಈ ಕಂಡಿಯನ್ನು ಎಲ್ಲ ಕಡೆ ಮುಚ್ಚಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡಕ್ಕೆ ಬಳಸಿದ ನಾಲ್ಕು ಬಂದೂಕುಗಳಲ್ಲಿ ಮೂರನ್ನು ಹಂತಕರ 18 ವರ್ಷದ ಗೆಳತಿಯೊಬ್ಬಳು ಗನ್ ಶೋನಲ್ಲಿ ಖಾಸಗಿ ಮಾರಾಟಗಾರರಿಂದ ಕೊಡಿಸಿದ್ದಳು. ತಪಾಸಣೆ ಇದ್ದಿದ್ದರೆ ಕೊಳ್ಳುತ್ತಿರಲಿಲ್ಲ ಎಂದು ಆಮೇಲೆ ಅವಳೇ ಹೇಳಿದಳು. ಮರುವರ್ಷ ಕೊಲರಾಡೋ ಮತದಾರರು ಗನ್ ಶೋಗಳಲ್ಲಿ ತಪಾಸಣೆ ಕಡ್ಡಾಯ ಮಾಡಿದರು. ಇಡೀ ದೇಶಕ್ಕೆ ತರುವ ಯತ್ನಕ್ಕೆ 2013ರಲ್ಲಿ ಸೆನೆಟ್‌ನಲ್ಲಿ 54 ಮತ ಬಂತು. ಬೇಕಿದ್ದದ್ದು 60. ಟೆಕ್ಸಾಸ್‌ನಲ್ಲಿ ಇವತ್ತಿಗೂ ರಾಜ್ಯದ ಅಂಥ ಕಾನೂನಿಲ್ಲ.

ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. ಅಪರಾಧ ಮಾಡುವಾಗ ಬಂದೂಕು ಹೊಂದಿದ್ದ ಕೈದಿಗಳನ್ನು 2016ರ ಸರ್ಕಾರಿ ಸಮೀಕ್ಷೆಯಲ್ಲಿ ಕೇಳಿದಾಗ, ಗನ್ ಶೋನಲ್ಲಿ ಪಡೆದೆ ಎಂದವರು ಶೇ. 0.8 ಮಾತ್ರ. ಬೀದಿಯಲ್ಲಿ, ಕಳ್ಳಸಂತೆಯಲ್ಲಿ ಸಿಕ್ಕಿತು ಎಂದವರು ಶೇ. 43. ಆದರೆ ಕಳ್ಳಸಂತೆಗೆ ಬಂದೂಕು ಆಕಾಶದಿಂದ ಬೀಳುವುದಿಲ್ಲ. ದಾಖಲೆಯೇ ಇಲ್ಲದ ಮಾರಾಟ ಅಲ್ಲಿಗೆ ಹೋಗುವ ಒಂದು ದಾರಿ.

ಈಗ ನಮ್ಮವರ ವಿಷಯ. ತಪಾಸಣೆ ಇಲ್ಲದಿರುವುದು ಮಾರುವವರಿಗೆ ಸಿಕ್ಕ ವಿನಾಯಿತಿ. ಕೊಳ್ಳುವವರಿಗೆ ಸಿಕ್ಕ ಹಕ್ಕಲ್ಲ. ಎಚ್-1ಬಿ, ಎಚ್-4, ಎಫ್-1 ಹೀಗೆ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು ಅಥವಾ ಗುಂಡು ಇಟ್ಟುಕೊಳ್ಳುವುದೇ ಅಪರಾಧ. 2022ರಿಂದ ಇದಕ್ಕೆ 15 ವರ್ಷದವರೆಗೆ ಜೈಲು. ಗಡೀಪಾರಿಗೂ ಇದು ಕಾರಣವಾಗಬಹುದು. ಇಲ್ಲಿನ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ. ಆದರೆ ವೀಸಾ ಸ್ಥಿತಿ ತಪ್ಪಿದವರಿಗೆ ಅದೂ ಇಲ್ಲ. ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು.

ಫೋನ್ ಮಾಡಿದವರಿಗೆ ಇದು ನುಂಗಲಾರದ ಮಾತಾಗಿತ್ತು. ಕೊಡವರ ಮನೆಯಲ್ಲಿ ಬೆಳೆದವರು. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿದವರು. ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದನ್ನು ಭಾರತದ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಅವರ ನೋವು ನನಗೆ ಅರ್ಥವಾಯಿತು. ಆದರೆ ಆ ಹಕ್ಕು ಅವರ ಜೊತೆ ವಿಮಾನ ಹತ್ತಿ ಬಂದಿಲ್ಲ.

"ಸಿಟಿಜನ್ ಫ್ರೆಂಡ್ ಒಬ್ರಿದಾರೆ, ಅವರ ಹೆಸರಲ್ಲಿ ತಗೊಂಡ್ರೆ?" ಎಂದು ಕೇಳಿದರು. ಅದು ಇನ್ನೂ ಕೆಟ್ಟದ್ದು. ಕಾನೂನು ಯಾರಿಗೆ ಬಂದೂಕು ಬೇಡ ಎಂದಿದೆಯೋ ಅವರಿಗಾಗಿ ಬೇರೆಯವರು ಕೊಳ್ಳುವುದು 2022ರಿಂದ ಪ್ರತ್ಯೇಕ ಅಪರಾಧ. ಗೆಳೆಯರನ್ನೂ ಜೈಲಿಗೆ ಎಳೆಯುತ್ತೀರಿ.

ಶೂಟಿಂಗ್ ರೇಂಜ್‌ಗೆ ಸುಮ್ನೆ ಹೋಗಿ ಬರಬಹುದಾ ಎಂದೂ ಕೆಲವರು ಕೇಳುತ್ತಾರೆ. ಬಾಡಿಗೆಗೆ ತಗೊಂಡ ಬಂದೂಕು ಕೈಯಲ್ಲಿದ್ದರೂ ಹೊಂದಿದಂತೆಯೇ. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ರೆಹೈಫ್ ಪ್ರಕರಣ ಹುಟ್ಟಿದ್ದೇ, ಓದು ನಿಂತು ವಿದ್ಯಾರ್ಥಿ ವೀಸಾ ಸ್ಥಿತಿ ಕಳೆದುಕೊಂಡ ಒಬ್ಬರು ಫ್ಲೋರಿಡಾದ ರೇಂಜ್‌ಗೆ ಹೋದದ್ದರಿಂದ. ತನ್ನ ಸ್ಥಿತಿ ಆರೋಪಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕು ಎಂದು ಕೋರ್ಟ್ ಹೇಳಿತು. ಈ ಅಂಕಣ ಓದಿದ ಮೇಲೆ ಗೊತ್ತಿರಲಿಲ್ಲ ಎನ್ನುವುದು ಕಷ್ಟ.

ಈಗಾಗಲೇ ಕೊಂಡಿದ್ದರೆ ಗಾಬರಿಯಲ್ಲಿ ಮಾರಲು ಓಡಬೇಡಿ. ಕಾರಿನಲ್ಲಿ ಹಾಕಿಕೊಂಡು ಗೆಳೆಯರ ಮನೆಗೆ ಸಾಗಿಸಬೇಡಿ. ಇದ್ದಲ್ಲೇ ಬಿಟ್ಟು, ಯಾರಿಗೂ ಮೆಸೇಜ್ ಹಾಕದೆ, ವಲಸೆ ಮತ್ತು ಕ್ರಿಮಿನಲ್ ಕಾನೂನು ಎರಡೂ ಬಲ್ಲ ವಕೀಲರಿಗೆ ಅವತ್ತೇ ಫೋನ್ ಮಾಡಿ.