ಗಡಿಕಲ್ಲಿಲ್ಲದ ಗಡಿ

ಕಲಬುರಗಿಯ ಹಳೆ ಮನೆಗಳ ಬಚ್ಚಲಲ್ಲಿ ಶಹಾಬಾದ್ ಫರಸಿ ಹಾಸಿರುತ್ತದೆ. ನಳ ಬಿಟ್ಟು, ಆ ಕಲ್ಲಿನ ಮೇಲೆ ಬೀಳುವ ನೀರನ್ನು ಒಂದು ಗಳಿಗೆ ನೋಡಿ. ಧಾರೆ ಬಿದ್ದ ಜಾಗದಿಂದ ನೀರು ಗಾಜಿನ ಹಾಳೆಯಂತೆ ತೆಳ್ಳಗೆ, ರಭಸವಾಗಿ ಸುತ್ತಲೂ ಹರಡುತ್ತದೆ. ನಾಲ್ಕು ಬೆರಳು ದೂರ ಹೋಗುವಷ್ಟರಲ್ಲಿ ಬಳೆಯಂಥ ಒಂದು ಅಂಚು ಎದ್ದಿರುತ್ತದೆ. ಅದರಾಚೆ ನೀರು ದಪ್ಪ, ನಿಧಾನ. ಬಳೆಯ ಒಳಗೆ ಬೆರಳು ತಾಗಿಸಿದರೆ ಎದ್ದ ತೆರೆ ನಡುವಿನ ಕಡೆ ಬರಲಾರದು, ಹೊರಕ್ಕೇ ಕೊಚ್ಚಿಹೋಗುತ್ತದೆ. ತೆರೆಯ ಓಟಕ್ಕಿಂತ ನೀರಿನ ಓಟ ಜೋರು. ಮುಂದೆ ಅಡ್ಡಿಯಿದೆ ಎಂಬ ಸುದ್ದಿ ಹಿಂದಿನ ನೀರಿಗೆ ತಲುಪುವುದೇ ಇಲ್ಲ. ಹಾಗಾಗಿ ಅದು ಮೆಲ್ಲಗೆ ವೇಗ ಇಳಿಸಿಕೊಳ್ಳುವುದಿಲ್ಲ, ಒಮ್ಮೆಲೇ ಮುಗ್ಗರಿಸುತ್ತದೆ.

ಸೂರ್ಯನಿಂದ ಹೊರಟ ಗಾಳಿಯ ಕಥೆಯೂ ಇದೇ. ನಮ್ಮ ಬೇಸಿಗೆಯ ಬಿಸಿಗಾಳಿಯಂಥದ್ದಲ್ಲ ಅದು, ಪ್ಲಾಸ್ಮಾ. ಸೂರ್ಯನ ಹೊರಕವಚದ ಲಕ್ಷಾಂತರ ಡಿಗ್ರಿ ಕಾವಿಗೆ ಪರಮಾಣುಗಳು ಒಡೆದು, ಎಲೆಕ್ಟ್ರಾನುಗಳು ಬೇರೆ, ಪ್ರೋಟಾನುಗಳು ಬೇರೆ ಆಗಿ, ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಹೊರಗೆ ಧಾವಿಸುತ್ತವೆ. ಇಂಥದೊಂದು ಗಾಳಿ ಇರಲೇಬೇಕು ಎಂದು 1958ರಲ್ಲಿ ಅಮೆರಿಕದ ಭೌತವಿಜ್ಞಾನಿ ಯೂಜಿನ್ ಪಾರ್ಕರ್ ಲೆಕ್ಕ ಹಾಕಿ ಹೇಳಿದಾಗ ನಂಬಿದವರು ಕಡಿಮೆ. ಭೂಮಿಯ ಹತ್ತಿರ ಈ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಪ್ರೋಟಾನು ಇದ್ದರೆ ಹೆಚ್ಚು. ದೂರ ಹೋದಷ್ಟೂ ಇನ್ನೂ ತೆಳುವಾಗುತ್ತ, ಕೊನೆಗೆ ನಕ್ಷತ್ರಗಳ ನಡುವಿನ ಅನಿಲದ ಒತ್ತಡಕ್ಕೆ ಸಿಕ್ಕಿ ಫರಸಿಯ ಮೇಲಿನ ನೀರಿನಂತೆ ಮುಗ್ಗರಿಸುತ್ತದೆ. 1977ರಲ್ಲಿ ಹೊರಟ ನಾಸಾದ ವಾಯೇಜರ್ 1 ನೌಕೆ ಆ ಅಂಚನ್ನು ದಾಟಿದ್ದು 2004ರ ಡಿಸೆಂಬರಿನಲ್ಲಿ, ಭೂಮಿಗೂ ಸೂರ್ಯನಿಗೂ ಇರುವ ದೂರದ 94 ಪಟ್ಟು ಆಚೆ. ವಾಯೇಜರ್ 2 ಬೇರೆ ದಿಕ್ಕಿನಲ್ಲಿ ಹೋಗಿ 2007ರಲ್ಲಿ ದಾಟಿತು, 84 ಪಟ್ಟು ದೂರದಲ್ಲೇ. ಅಂದರೆ ಸೂರ್ಯನ ಗಾಳಿ ಊದಿದ ಈ ಗುಳ್ಳೆ ಎಲ್ಲ ಕಡೆ ಒಂದೇ ಸಮ ಇಲ್ಲ.

ಮುಗ್ಗರಿಸಿದ ಗಾಳಿ ಅಲ್ಲಿಗೇ ಮುಗಿಯುವುದಿಲ್ಲ. ಇನ್ನಷ್ಟು ದೂರ ತೆವಳಿ, ಒಂದು ಕಡೆ ನಿಜಕ್ಕೂ ನಿಲ್ಲುತ್ತದೆ. ಅಲ್ಲಿಂದಾಚೆ ಪರರ ಪ್ಲಾಸ್ಮಾ. ಸೂರ್ಯನ ಗುರುತ್ವ ಅದಕ್ಕಿಂತ ಎಷ್ಟೋ ದೂರದ ಧೂಮಕೇತುಗಳನ್ನೂ ಹಿಡಿದಿಟ್ಟಿದೆ, ಆ ಮಾತು ಬೇರೆ. ಇದು ಅವನ ಗಾಳಿಯ ಗಡಿ.

ಈ ಗಡಿ ದಾಟಿದ್ದು ಗೊತ್ತಾಗುವುದು ಹೇಗೆ? ವಿಜ್ಞಾನಿಗಳು ನೆಚ್ಚಿಕೊಂಡಿದ್ದು ಕಾಂತಕ್ಷೇತ್ರವನ್ನು. ಬೀದರಿನ ಬಿದ್ರಿ ಕುಶಲಕರ್ಮಿ ಕೆಲಸ ಮಾಡುವುದನ್ನು ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ಸತು, ತಾಮ್ರದ ಎರಕದ ಹೂಜಿಯ ಮೇಲೆ ಉಳಿಯಿಂದ ಗೀರು ತೆಗೆದು, ಬೆಳ್ಳಿಯ ತಂತಿಯನ್ನು ಅದರೊಳಗೆ ಬಡಿದು ಕೂರಿಸುತ್ತಾರೆ. ಆಮೇಲೆ ಹೂಜಿ ಹೋದಲ್ಲಿ ತಂತಿಯೂ ಹೋಗಬೇಕು. ಪ್ಲಾಸ್ಮಾದಲ್ಲಿ ಕಾಂತರೇಖೆಗಳು ಹೀಗೇ ಹುದುಗಿರುತ್ತವೆ. ಬಿದ್ರಿಯ ಲೋಹ ಗಟ್ಟಿ, ಪ್ಲಾಸ್ಮಾ ಹರಿಯುವಂಥದ್ದು. ಅದು ಹರಿದಂತೆಲ್ಲ ರೇಖೆಗಳು ಬಾಗುತ್ತವೆ, ಹಿಗ್ಗುತ್ತವೆ. ಸೂರ್ಯ ತನ್ನ ಸುತ್ತ ತಿರುಗುತ್ತಲೇ ಗಾಳಿ ಬಿಡುವುದರಿಂದ ಅವನ ಕಾಂತರೇಖೆಗಳು ಸುರುಳಿ ಸುತ್ತಿಕೊಳ್ಳುತ್ತವೆ. ಅಷ್ಟು ದೂರದಲ್ಲಿ ಆ ಸುರುಳಿ ಹೆಚ್ಚು ಕಡಿಮೆ ಅಡ್ಡಡ್ಡ ಮಲಗಿರುತ್ತದೆ. ಗಡಿಯಾಚೆಯ ಪ್ಲಾಸ್ಮಾಕ್ಕೆ ಅದರದೇ ಬೇರೆ ರೇಖೆಗಳು, ಬೇರೆ ದಿಕ್ಕು. ಹಾಗಾಗಿ ದಾಟಿದ ಕೂಡಲೇ ಕಾಂತಕ್ಷೇತ್ರದ ದಿಕ್ಕು ತಿರುಗಬೇಕು ಎಂಬುದು ಎಲ್ಲರ ನಿರೀಕ್ಷೆ.

2012ರ ಆಗಸ್ಟ್ 25ರಂದು ವಾಯೇಜರ್ 1ರಲ್ಲಿ ಸೂರ್ಯನ ಕಡೆಯಿಂದ ಬರುವ ಕಣಗಳ ಎಣಿಕೆ ಹಠಾತ್ತನೆ ಇಳಿಯಿತು. ಹೊರಗಿನ ಕಾಸ್ಮಿಕ್ ಕಿರಣಗಳು, ಅಂದರೆ ದೂರದಿಂದ ಅತಿ ವೇಗವಾಗಿ ಬರುವ ಕಣಗಳು, ಏರಿದವು. ಕಾಂತಕ್ಷೇತ್ರ ತುಸು ಬಲವಾಯಿತು, ಆದರೂ ಅರ್ಧ ನ್ಯಾನೊಟೆಸ್ಲಾದ ಆಸುಪಾಸು (ಕಾಂತಕ್ಷೇತ್ರದ ಬಲ ಅಳೆಯುವ ಮಾನ ಇದು). ನಮ್ಮ ಕಾಲಡಿಯ ಭೂಮಿಯದು ಸುಮಾರು 40 ಸಾವಿರ. ಆದರೆ ದಿಕ್ಕು? ಅದು ಹಾಗೇ ಇತ್ತು.

ಬೀದರಿನಿಂದ ತೆಲಂಗಾಣದ ಜಹೀರಾಬಾದಿಗೆ ಬಸ್ಸಿನಲ್ಲಿ ಹೋಗುವಾಗ ಹೀಗೇ ಆಗುತ್ತದೆ. ಮಣ್ಣು ಅದೇ ಕೆಂಪು. ಕನ್ನಡ, ತೆಲುಗು, ಉರ್ದು ಈಚೆಗೂ ಕಲೆತಿರುತ್ತವೆ, ಆಚೆಗೂ. ಮಾತು ಕೇಳಿ ರಾಜ್ಯ ಬದಲಾಯಿತು ಎಂದು ಹೇಳಲಾಗದು, ಫಲಕ ಕಾಣಬೇಕು. ವಾಯೇಜರಿಗೆ ಫಲಕವೆಂದರೆ ಪ್ಲಾಸ್ಮಾದ ಸಾಂದ್ರತೆ. ಒಳಗಿನ ಪ್ಲಾಸ್ಮಾ ಬಿಸಿ, ತೆಳು. ಹೊರಗಿನದು ತಂಪು, ದಟ್ಟ. ಆದರೆ ಅದನ್ನು ನೇರವಾಗಿ ಅಳೆಯುವ ಉಪಕರಣ ಆ ನೌಕೆಯಲ್ಲಿ 1980ರಲ್ಲೇ ಕೆಟ್ಟುಹೋಗಿತ್ತು. ದಾಟಿತೋ ಇಲ್ಲವೋ ಎಂಬ ವಾದ ತಿಂಗಳುಗಟ್ಟಲೆ ನಡೆಯಿತು.

ಅದನ್ನು ಬಿಡಿಸಿದ್ದು ಸೂರ್ಯನೇ. 2012ರ ಮಾರ್ಚಿನಲ್ಲಿ ಅವನಿಂದ ಸಿಡಿದ ಸ್ಫೋಟದ ಹೊಡೆತ ಹದಿಮೂರು ತಿಂಗಳು ಪಯಣಿಸಿ 2013ರ ಏಪ್ರಿಲಿನಲ್ಲಿ ಅಲ್ಲಿಗೆ ಮುಟ್ಟಿತು. ಹೊಡೆತಕ್ಕೆ ಅಲ್ಲಿನ ಎಲೆಕ್ಟ್ರಾನುಗಳು ಮೀಟಿದ ತಂತಿಯಂತೆ ಕಂಪಿಸತೊಡಗಿದವು. ಪ್ಲಾಸ್ಮಾ ದಟ್ಟವಾದಷ್ಟೂ ಅದರ ಶ್ರುತಿ ಏರುತ್ತದೆ. ನಾಲ್ಕು ಪಟ್ಟು ದಟ್ಟವಾದರೆ ಶ್ರುತಿ ಎರಡು ಪಟ್ಟು. ಅಯೋವಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಡಾನ್ ಗರ್ನೆಟ್ ಮತ್ತು ಸಂಗಡಿಗರು, ಇನ್ನೂ ಕೆಲಸ ಮಾಡುತ್ತಿದ್ದ ಆಂಟೆನಾಗಳಿಂದ ಬಂದ ದತ್ತಾಂಶದಲ್ಲಿ ಸೆಕೆಂಡಿಗೆ ಸುಮಾರು 2,600 ಕಂಪನ ಕಂಡರು. ಮನುಷ್ಯನ ಕಿವಿಗೆ ಕೇಳುವಂಥ ಶ್ರುತಿಯೇ ಅದು. ಲೆಕ್ಕ ಹಾಕಿದರೆ ಘನ ಸೆಂಟಿಮೀಟರಿಗೆ 0.08 ಎಲೆಕ್ಟ್ರಾನ್. ಒಳಗಿದ್ದದ್ದು 0.002. ನಲವತ್ತು ಪಟ್ಟು! ವಾದ ತೀರಿತು. ಕೆಟ್ಟ ಉಪಕರಣದ ಕೆಲಸವನ್ನು ಬೇರೆಯದೊಂದು ಕಿವಿ ಮಾಡಿಕೊಟ್ಟ ಈ ಪ್ರಸಂಗ ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

2018ರ ನವೆಂಬರ್ 5ರಂದು ವಾಯೇಜರ್ 2 ಕೂಡ ದಾಟಿತು. ಅದರ ಪ್ಲಾಸ್ಮಾ ಉಪಕರಣ ಆಗ ಚೆನ್ನಾಗಿಯೇ ಇತ್ತು, ಸೂರ್ಯನ ಗಾಳಿ ನಿಂತಿದ್ದನ್ನು ನೇರವಾಗಿ ಕಂಡಿತು. ಕಾಂತಕ್ಷೇತ್ರದ ದಿಕ್ಕು ಮಾತ್ರ ಅಲ್ಲಿಯೂ ಹೆಚ್ಚೇನೂ ತಿರುಗಲಿಲ್ಲ. ಹೊರಗಿನ ರೇಖೆಗಳು ಸೂರ್ಯನ ಗುಳ್ಳೆಯ ಮೈಗೆ ಹೊದಿಕೆಯಂತೆ ಬಿಗಿಯಾಗಿ ಸುತ್ತಿಕೊಂಡಿರುವುದರಿಂದ ಗಡಿಯ ಹತ್ತಿರ ಎರಡೂ ಒಂದೇ ದಿಕ್ಕಿಗೆ ವಾಲುತ್ತವೆ ಎಂಬುದು ಒಂದು ವಿವರಣೆ. ಹಾಗಿದ್ದರೂ ಎರಡು ಕಡೆಯೂ ಇಷ್ಟೊಂದು ಹೊಂದಿಕೆ ಏಕೆ ಎಂಬ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಇದನ್ನು ಬೇರೆ ದಾರಿಯಿಂದಲೂ ಹುಡುಕುತ್ತಿದ್ದಾರೆ. ಗಡಿಯ ಬಳಿ ಕೆಲವು ಪ್ರೋಟಾನುಗಳು ಎದುರು ಸಿಕ್ಕ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ತಟಸ್ಥವಾಗುತ್ತವೆ. ಆಮೇಲೆ ಕಾಂತರೇಖೆಗಳ ಹಿಡಿತ ಅವಕ್ಕಿಲ್ಲ, ನೆಟ್ಟಗೆ ಹಾರುತ್ತವೆ. ಕೆಲವು ಇಲ್ಲಿಯವರೆಗೂ ಬರುತ್ತವೆ. ಅವನ್ನು ಹಿಡಿದು ಗಡಿಯ ನಕ್ಷೆ ಬಿಡಿಸಲು 2025ರ ಸೆಪ್ಟೆಂಬರ್ 24ರಂದು ನಾಸಾದ ಐಮ್ಯಾಪ್ ಎಂಬ ನೌಕೆಯನ್ನು ಎಲ್1 ಬಿಂದುವಿನ ಕಡೆಗೆ, ಅಂದರೆ ಭೂಮಿಯಿಂದ ಸೂರ್ಯನ ದಿಕ್ಕಿಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತಾಣಕ್ಕೆ, ಹಾರಿಸಿದರು. ನಮ್ಮ ಆದಿತ್ಯ-ಎಲ್1 2024ರ ಜನವರಿಯಿಂದ ಅದೇ ಬಿಂದುವನ್ನು ಸುತ್ತುತ್ತ ಸೂರ್ಯನ ಗಾಳಿಯನ್ನು ಅಳೆಯುತ್ತಿದೆ. ಇಂದು ಆದಿತ್ಯನನ್ನು ಸೋಕಿ ಹೋದ ಗಾಳಿ, ಆ ಮುಗ್ಗರಿಸುವ ಅಂಚನ್ನು ಮುಟ್ಟಲು ಇನ್ನೂ ಸುಮಾರು ಒಂದು ವರ್ಷ ಓಡಬೇಕು.