18 ತುಂಬಿದ ಮಕ್ಕಳ ಪಾಲಕತ್ವ: ‘ಎಲ್ಲದಕ್ಕೂ ಬೇಕು’ ಎಂದು ಬರೆಯಬೇಡಿ

ಬೌದ್ಧಿಕ ಅಂಗವೈಕಲ್ಯವಿರುವ ಮಗನಿಗೆ 18 ತುಂಬಿತೆಂದರೆ ಅಪ್ಪ-ಅಮ್ಮನ ಸಹಜ ಪಾಲಕತ್ವ ಮುಗಿಯಿತು. ಎಷ್ಟೋ ಮನೆಗಳಿಗೆ ಇದು ತಿಳಿಯುವುದೇ ಬ್ಯಾಂಕಿನ ಕೌಂಟರಿನಲ್ಲಿ. ಮಗನ ಸಹಿ ಬೇಕು ಎಂದಾಗ ‘ಹೆತ್ತವಳು ನಾನೇ ಇದ್ದೀನಲ್ಲ ಸಾರ್, ನಾನೇ ಹಾಕ್ತೀನಿ’ ಎನ್ನುತ್ತಾರೆ ತಾಯಿ. ಆ ಸಂಕಟ ಅರ್ಥವಾಗುತ್ತದೆ. ಆದರೆ ಅಲ್ಲಿ ಬೇಕಾದದ್ದು ಪಾಲಕರಾಗಿ ನೇಮಿಸಿದ ಆದೇಶ.

ಆ ಆದೇಶ ಕೊಡುವುದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿರುವ ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ ಇರುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕಷ್ಟೇ ಇದು ಅನ್ವಯ. ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಇಲ್ಲಿ ಸೇರುವುದಿಲ್ಲ. ಇನ್ನು ಕಣ್ಣು ಕಾಣದವರಿಗೆ, ಗಾಲಿಕುರ್ಚಿಯಲ್ಲಿರುವವರಿಗೆ ಪಾಲಕರನ್ನು ಕರೆತನ್ನಿ ಎನ್ನುವುದು ಶುದ್ಧ ತಪ್ಪು. ಆಸ್ತಿ ಹೊಂದುವ, ತಮ್ಮ ಹಣಕಾಸು ತಾವೇ ನೋಡಿಕೊಳ್ಳುವ ಹಕ್ಕನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಂ ಅವರಿಗೆ ಕೊಟ್ಟಿದೆ.

ಅರ್ಜಿ ನಮೂನೆ ‘ಎ’ಯಲ್ಲಿ. ಅದನ್ನು ತುಂಬಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ನೆರವಾಗಬಹುದು. ಹೆಚ್ಚಿನವರು ಎಡವುವುದು ಕಾರಣ ಹೇಳುವಲ್ಲಿ. ‘ಎಲ್ಲದಕ್ಕೂ ಬೇಕು’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ನ್ಯಾಷನಲ್ ಟ್ರಸ್ಟ್ ಕಾಯ್ದೆಯ 14ನೇ ಕಲಂ ಪ್ರಕಾರ ಸಮಿತಿ ಎರಡು ಪ್ರಶ್ನೆ ಪರಿಶೀಲಿಸಲೇಬೇಕು: ಇವರಿಗೆ ಪಾಲಕರು ಬೇಕೇ? ಬೇಕಿದ್ದರೆ ಯಾವ ಉದ್ದೇಶಕ್ಕೆ? ಆದ್ದರಿಂದ ಬಿಡಿಸಿ ಬರೆಯಿರಿ. ಮಾಸಾಶನ ಬರುವ ಖಾತೆ ನಡೆಸಲು, ತಂದೆಯ ಕುಟುಂಬ ಪಿಂಚಣಿ ಪಡೆಯಲು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಲು, ಹೀಗೆ. ಮಗ ತಾನೇ ಮಾಡಿಕೊಳ್ಳುವ ಕೆಲಸವನ್ನು ಆ ಪಟ್ಟಿಗೆ ತುರುಕಬೇಡಿ. ವರ್ಕ್‌ಶಾಪಿಗೆ ಹೋಗಿ, ಬಂದ ಕೂಲಿ ಎಣಿಸಿಕೊಂಡು, ತನಗಿಷ್ಟವಾದ ಅಂಗಿ ಆರಿಸುವ ಹುಡುಗನಿಗೆ ‘ಎಲ್ಲದಕ್ಕೂ’ ಪಾಲಕರು ಬೇಕೆಂದರೆ, ಅವನಿಗೆ ಬರುವುದನ್ನೂ ಕಸಿದುಕೊಂಡಂತೆ.

ಇದರ ಬೆನ್ನಿಗೇ ಬರುವ ಇನ್ನೊಂದು ತಪ್ಪು ಕಲ್ಪನೆಯೆಂದರೆ, ಪಾಲಕರಾದವರಿಗೆ ಆಸ್ತಿ ಬರುತ್ತದೆ ಎಂಬುದು. ಬರುವುದಿಲ್ಲ. ಸೈಟು, ಠೇವಣಿ, ಒಡವೆ ಎಲ್ಲವೂ ಮಗನದೇ. ಪಾಲಕರದು ಅದನ್ನು ಅವನಿಗಾಗಿ ನೋಡಿಕೊಳ್ಳುವ ಹೊಣೆ. ಅಣ್ಣತಮ್ಮಂದಿರ ಜಗಳ ಶುರುವಾಗುವುದೇ ಇಲ್ಲಿಂದ, ಹಾಗಾಗಿ ಮನೆಯವರನ್ನೆಲ್ಲ ಕೂರಿಸಿ ಇದನ್ನು ಮೊದಲೇ ಹೇಳಿಬಿಡಿ. ಸ್ಥಿರಾಸ್ತಿ ಮಾರುವ ಮಾತು ಬಂದರೆ ಸಮಿತಿಯ ಆದೇಶವೊಂದನ್ನೇ ನಂಬಿ ನೋಂದಣಿಗೆ ಹೋಗಬೇಡಿ. ನ್ಯಾಯಾಲಯದ ಅನುಮತಿ ಬೇಕೇ ಎಂದು ವಕೀಲರನ್ನು ಕೇಳಿಕೊಳ್ಳುವುದು ಕ್ಷೇಮ.

ಯಾರನ್ನು ಸೂಚಿಸುತ್ತೀರಿ ಎಂಬುದನ್ನೂ ಯೋಚಿಸಿ. ಪಾಲಕರು ಭಾರತದ ಪ್ರಜೆಯಾಗಿರಬೇಕು. ‘ನಮ್ಮ ನಂತರ ಅಮೆರಿಕದಲ್ಲಿರುವ ದೊಡ್ಡವನು ನೋಡಿಕೊಳ್ತಾನೆ’ ಎನ್ನುವವರು, ಅವನು ಅಲ್ಲಿನ ಪೌರತ್ವ ಪಡೆದಿದ್ದಾನೆಯೇ ಎಂದು ಈಗಲೇ ವಿಚಾರಿಸಿ. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ಸಾಲದು, ಅದು ಪೌರತ್ವವಲ್ಲ. ಹೆಣ್ಣುಮಗಳಾಗಿದ್ದು ಸೋದರಮಾವನನ್ನು ಸೂಚಿಸುವುದಾದರೆ ಅತ್ತೆಯ ಹೆಸರೂ ಜೊತೆಯಲ್ಲಿರಬೇಕು. ಒಂಟಿ ಗಂಡಸಿಗೆ ನಿಯಮ ಅವಕಾಶ ಕೊಡುವುದಿಲ್ಲ.

ಆದೇಶ ಕೈಗೆ ಬಂದ ಮೇಲೆ ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿಟ್ಟು ಮರೆತುಬಿಡುತ್ತಾರೆ. ನ್ಯಾಷನಲ್ ಟ್ರಸ್ಟ್ ಕಾಯ್ದೆಯ 16ನೇ ಕಲಂ ಪ್ರಕಾರ ನೇಮಕವಾದ 6 ತಿಂಗಳೊಳಗೆ ಮಗನ ಆಸ್ತಿ, ಬರಬೇಕಾದ ಹಣ, ಸಾಲ ಎಲ್ಲದರ ಪಟ್ಟಿಯನ್ನು ಸಮಿತಿಗೆ ಕೊಡಬೇಕು. ಅದು ನಮೂನೆ ‘ಸಿ’. ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ, ಅಂದರೆ ಜೂನ್ 30ರೊಳಗೆ, ನಮೂನೆ ‘ಡಿ’ಯಲ್ಲಿ ಬಂದದ್ದು, ಖರ್ಚಾದದ್ದು, ಉಳಿದದ್ದರ ಲೆಕ್ಕ. ಮಾಸಾಶನ ಬಿಟ್ಟು ಬೇರೇನೂ ಇಲ್ಲ ಎನ್ನುವವರೂ ಅಷ್ಟನ್ನೇ ಬರೆದು ಕೊಡಿ. ಆಸ್ತಿ ದುರುಪಯೋಗವಾಗಿದೆ ಎಂದು ನೆಂಟರೊಬ್ಬರು ಸಮಿತಿಗೆ ದೂರು ಕೊಟ್ಟರೆ ಪಾಲಕತ್ವವೇ ರದ್ದಾಗಬಹುದು. ಆಗ ಪ್ರಾಮಾಣಿಕ ತಾಯಿಯ ಕೈಯಲ್ಲಿ ತೋರಿಸಲು ಇರುವುದು ಈ ಲೆಕ್ಕದ ಹಾಳೆಗಳೇ. ಔಷಧಿ ಬಿಲ್ಲು, ಪಾಸ್‌ಬುಕ್ಕಿನ ಜೆರಾಕ್ಸ್ ಒಂದು ಫೈಲಿಗೆ ಸೇರಿಸುತ್ತಾ ಬನ್ನಿ, ಸಲ್ಲಿಸಿದ ಪ್ರತಿ ನಮೂನೆಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.