ಒರೆಗಾನ್‌ನ ಕಪ್ಪು ಜನರಿಗೊಂದು ಆಯೋಗ: ಬಂದದ್ದು ಹೇಗೆ?

ಆಫ್ರಿಕನ್-ಅಮೆರಿಕನ್ನರಿಗೆಂದೇ ಕಚೇರಿ ತೆರೆದಿರುವ ರಾಜ್ಯಗಳು ಅಮೆರಿಕದಲ್ಲಿ ಹಲವಿವೆ. ಮಿನ್ನೆಸೋಟದಲ್ಲಿ 1980ರಿಂದ, ನ್ಯೂ ಮೆಕ್ಸಿಕೊದಲ್ಲಿ 1999ರಿಂದ. ಸರ್ಕಾರ ಎಲ್ಲರದೂ ಅಲ್ವಾ, ಇವರಿಗೆ ಬೇರೆ ಕಚೇರಿ ಯಾಕೆ ಅಂತ ಕೇಳುವವರು ಒರೆಗಾನ್ ಕಡೆ ನೋಡಬೇಕು.

ಒರೆಗಾನ್ 1859ರಲ್ಲಿ ರಾಜ್ಯವಾಯಿತು. ಅದರ ಸಂವಿಧಾನ ಗುಲಾಮಗಿರಿ ಬೇಡ ಎಂದಿತು, ಕಪ್ಪು ಜನರೂ ಬೇಡ ಎಂದಿತು. ಹೊಸದಾಗಿ ಬಂದು ನೆಲೆಸುವಂತಿಲ್ಲ, ಜಮೀನು ಹೊಂದುವಂತಿಲ್ಲ, ಕೋರ್ಟಿಗೆ ಹೋಗುವಂತಿಲ್ಲ. ಈ ಕಲಮನ್ನು ಕಿತ್ತುಹಾಕಿದ್ದು 1926ರಲ್ಲಿ. ಉಳಿದಿದ್ದ ಜನಾಂಗಭೇದದ ಪದಗಳನ್ನು ತೆಗೆಯಲು 2002ರಲ್ಲಿ ಜನಮತ ಕೇಳಿದರು. ಆಗಲೂ ಸುಮಾರು 100ಕ್ಕೆ 29 ಮಂದಿ ಬೇಡ ಎಂದರು.

ಎರಡನೇ ಮಹಾಯುದ್ಧದಲ್ಲಿ ಹಡಗು ಕಟ್ಟಲು ಕೈಗಳು ಬೇಕಾದವು. ಕಪ್ಪು ಕಾರ್ಮಿಕರು ಬಂದರು. ಒರೆಗಾನ್‌ನ ದೊಡ್ಡ ನಗರ ಪೋರ್ಟ್‌ಲೆಂಡಿನ ಪಕ್ಕದ ತಗ್ಗು ಜಾಗದಲ್ಲಿ ಕಾರ್ಮಿಕರಿಗೆಂದು ವ್ಯಾನ್‌ಪೋರ್ಟ್ ಎಂಬ ಊರನ್ನೇ ಎಬ್ಬಿಸಿದರು. 1948ರ ಮೇ 30ರ ಬೆಳಿಗ್ಗೆ, ಹೊಳೆ ಉಕ್ಕುತ್ತಿದ್ದಾಗ, ಮನೆಮನೆಯ ಬಾಗಿಲಡಿ ಒಂದು ಚೀಟಿ ಬಂತು: ಸದ್ಯಕ್ಕೆ ಒಡ್ಡು ಭದ್ರವಾಗಿದೆ, ಬೇಕಾದರೆ ತಿಳಿಸುತ್ತೇವೆ, ಹೊರಡಲು ಸಮಯ ಸಿಗುತ್ತದೆ, ಗಾಬರಿ ಬೇಡ. ಸಂಜೆ 4 ಗಂಟೆ ದಾಟುತ್ತಿದ್ದಂತೆ ರೈಲು ಹಳಿಯ ಒಡ್ಡು ಒಡೆಯಿತು. ಸುಮಾರು 18,500 ಜನ ಮನೆ ಕಳೆದುಕೊಂಡರು, ಅವರಲ್ಲಿ ಮೂರನೇ ಒಂದರಷ್ಟು ಕಪ್ಪು ಜನ.

ಬಿಳಿಯರಿಗೆ ಬೇರೆ ಬಡಾವಣೆಗಳಿದ್ದವು. ಇವರಿಗೆ ಬಾಡಿಗೆಗೂ ಸಾಲಕ್ಕೂ ದಾರಿ ಇದ್ದದ್ದು ಹೆಚ್ಚಾಗಿ ಪೋರ್ಟ್‌ಲೆಂಡಿನ ಆಲ್ಬಿನಾ ಬಡಾವಣೆಯಲ್ಲಿ ಮಾತ್ರ. ಅಲ್ಲಿ ಕಾಲೂರುವಷ್ಟರಲ್ಲಿ ಕ್ರೀಡಾಂಗಣ ಬಂತು, ಹೆದ್ದಾರಿ ಬಂತು. 1970ರ ದಶಕದಲ್ಲಿ ಆಸ್ಪತ್ರೆ ವಿಸ್ತರಣೆಗೆಂದು ಮನೆ, ಅಂಗಡಿ ಕೆಡವಿದರು. ಕೆಡವಿದ ಮೇಲೆ ಕಟ್ಟಲು ದುಡ್ಡು ಮುಗಿಯಿತು. ಖಾಲಿ ಸೈಟುಗಳು ದಶಕಗಟ್ಟಲೆ ಹಾಗೇ ಬಿದ್ದಿದ್ದವು. ಇದನ್ನೆಲ್ಲ ಕೇಳಬೇಕಾದ ಶಾಸನಸಭೆಗೆ ಮೊದಲ ಕಪ್ಪು ಸದಸ್ಯ ಬಂದದ್ದೇ 1972ರ ಚುನಾವಣೆಯಲ್ಲಿ.

ಗವರ್ನರ್ ವಿಕ್ ಅಟಿಯೆ 1980ರಲ್ಲಿ ಆದೇಶ ಹೊರಡಿಸಿ ಕಪ್ಪು ಜನರ ವ್ಯವಹಾರಗಳ ಆಯೋಗ ರಚಿಸಿದರು. 1983ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ಬಲ ಅಂದರೆ ಎಷ್ಟು? ಕಾಯ್ದೆ ಹೊರಿಸಿದ ಹೊಣೆ ದೊಡ್ಡದು: ಆರ್ಥಿಕ, ಸಾಮಾಜಿಕ, ಕಾನೂನು, ರಾಜಕೀಯ ಸಮಾನತೆ. ಕೈಗೆ ಕೊಟ್ಟದ್ದು ಗಮನಿಸುವ, ಸಲಹೆ ಹೇಳುವ ಕೆಲಸ. ಮನೆ ಕೆಡವುವುದನ್ನು ತಡೆಯುವ ಅಧಿಕಾರ ಅದರಲ್ಲಿಲ್ಲ. ಸದಸ್ಯರಲ್ಲಿ ಹೆಚ್ಚಿನವರನ್ನು ನೇಮಿಸುವುದೂ ಗವರ್ನರೇ. 2005ರಲ್ಲಿ ಶಾಸನಸಭೆ ಇದಕ್ಕೊಂದು ಕಚೇರಿ ಒದಗಿಸಿತು. ಮಹಿಳೆಯರು, ಹಿಸ್ಪಾನಿಕರು, ಏಷ್ಯನ್ನರು, ಇವರ ಆಯೋಗಗಳಿಗೂ ಅದೇ ಪುಟ್ಟ ಕಚೇರಿ.